ಆಯಿಲ್ ಮೂಸಿ ಹೇಳುತ್ತಿದ್ದವರು

ಬಾನೆಟ್ ಎತ್ತುವ ಮೊದಲು ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ದಿನಾ ಎಲ್ಲೆಲ್ಲಿ ನಿಲ್ಲಿಸ್ತೀರಾ ಮೇಡಂ?"

ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುತ್ತಾರೆ ಅಂದುಕೊಂಡು ನಾನು ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಚೀಟಿ ಕೈಯಲ್ಲೇ ಉಳಿಯಿತು. ನನ್ನದು ಫಿಸಿಯೋಥೆರಪಿ ಕೆಲಸ. ಮಂಡಿ ಆಪರೇಷನ್ ಆದವರು, ಪಾರ್ಶ್ವವಾಯುವಿನಿಂದ ಕೈ ಬಿದ್ದುಹೋದವರು, ಭುಜ ಹಿಡಿದುಕೊಂಡವರು, ಇಂಥವರ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಚಂದ್ರಾ ಲೇಔಟಿನಲ್ಲಿ ಒಂದು ಮನೆ, ಅಲ್ಲಿಂದ ಅತ್ತಿಗುಪ್ಪೆ, ವಿಜಯನಗರದಲ್ಲಿ ಎರಡು, ಬಸವೇಶ್ವರನಗರದಲ್ಲಿ ಒಂದು, ಸಂಜೆ ನಾಗರಭಾವಿ ಎಂದು ಪಾಠ ಒಪ್ಪಿಸಿದಂತೆ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಬೆರಳು ಮಡಚುತ್ತಾ ಕೇಳಿಸಿಕೊಂಡರು.

"ಒಂದೊಂದು ಕಡೆಗೂ ಹತ್ತು, ಹದಿನೈದು ನಿಮಿಷದ ದಾರಿ. ಅಲ್ವಾ?"

"ಹೌದು. ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡರೆ ಇಪ್ಪತ್ತು."

"ಹಾಗಾದ್ರೆ ಈ ಇಂಜಿನ್ನು ಇವತ್ತಿನವರೆಗೂ ಸರಿಯಾಗಿ ಕಾದೇ ಇಲ್ಲ ಬಿಡಿ. ಮೈ ಬೆಚ್ಚಗಾಗೋ ಅಷ್ಟ್ರಲ್ಲಿ ಆಫ್ ಮಾಡ್ತೀರಾ. ಮೀಟರ್ ಏನೋ ಕಮ್ಮಿ ತೋರಿಸ್ತಾ ಇರುತ್ತೆ, ಒಳಗಿರೋ ಆಯಿಲ್‌ಗೆ ವಯಸ್ಸಾಗಿರುತ್ತೆ."

ಕಾರಿನ ವಿಚಾರವೆಲ್ಲ ಅಲ್ಲಿಯವರೆಗೆ ನನ್ನ ಗಂಡನದು. ಅವರಿಗೆ ಕಲಬುರಗಿಗೆ ವರ್ಗವಾದ ಮೇಲೆ ಅದು ನನ್ನ ತಲೆಗೆ ಬಂತು. ಬಂದ ಎರಡನೇ ವಾರಕ್ಕೇ ಸರ್ವೀಸ್ ಸೆಂಟರಿನಿಂದ ಫೋನು. ಇಂಜಿನ್ ಆಯಿಲು, ಗೇರ್ ಆಯಿಲು, ಬ್ರೇಕ್ ಆಯಿಲು, ಕೂಲೆಂಟು, ಎಲ್ಲದರ ಅವಧಿಯೂ ಮುಗಿದಿದೆ, ಎಲ್ಲವನ್ನೂ ಬದಲಾಯಿಸಬೇಕು ಎಂದರು. ಕಾರಿನ ಹೊಟ್ಟೆಯಲ್ಲಿ ಇಷ್ಟು ಬಗೆಯ ದ್ರವಗಳಿವೆ ಎನ್ನುವುದೇ ನನಗೆ ಹೊಸ ಸಂಗತಿ. ಬೇಕೋ ಬೇಡವೋ ತಿಳಿಯದೆ ಒದ್ದಾಡುತ್ತಿದ್ದಾಗ ನನ್ನ ಪೇಷೆಂಟ್ ಒಬ್ಬರು, "ಮೂಡಲಪಾಳ್ಯದಲ್ಲಿ ಒಬ್ರಿದಾರೆ, ಅವರನ್ನ ಕೇಳಿ. ಶೆಡ್ಡಿಗೆ ಬೋರ್ಡಿಲ್ಲ. ಅಣ್ಣನ ಶೆಡ್ಡು ಅಂದ್ರೆ ಯಾರಾದ್ರೂ ತೋರಿಸ್ತಾರೆ" ಎಂದಿದ್ದರು. ಹಾಗೆ ಹೋದವಳು ನಾನು. ನಾನೂ ಅವರನ್ನು ಕೊನೆಯವರೆಗೂ ಅಣ್ಣ ಎಂದೇ ಕರೆದೆ. ಅವರು ತೀರಿಕೊಂಡು ಈಗ ಮೂರು ತಿಂಗಳು.

ಅವತ್ತು ಅವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವವರಂತೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಎತ್ತಿದರು. ಇಂಜಿನ್ನಿನೊಳಗಿಂದ ಉದ್ದನೆಯ ಅಳತೆ ಕಡ್ಡಿ ಎಳೆದು, ತುದಿಯ ಆಯಿಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದರು. ಒಂದು ಹನಿಯನ್ನು ಬ್ಲಾಟಿಂಗ್ ಪೇಪರಿನ ಮೇಲೆ ಬಿಟ್ಟು, ಪಕ್ಕದಲ್ಲಿ ನನ್ನ ಗಾಡಿಯ ನಂಬರ್ ಬರೆದು ಗೋಡೆಯ ಮೊಳೆಗೆ ಸಿಕ್ಕಿಸಿದರು. ಗೋಡೆಯ ತುಂಬ ಅಂಥವೇ ಹಾಳೆಗಳು, ನಡುವೆ ಕಪ್ಪು, ಸುತ್ತ ಕಂದು ಬಳೆ. ಹನಿ ಹರಡಿಕೊಳ್ಳಲಿ, ನಾಳೆ ಹೇಳುತ್ತೇನೆ ಎಂದರು. ಮಾರನೆಯ ದಿನ ಹೋದರೆ, ಇಂಜಿನ್ ಆಯಿಲ್ ಇವತ್ತೇ ಬದಲಾಯಿಸಬೇಕು, ಕೂಲೆಂಟ್ ಚೆನ್ನಾಗಿದೆ, ಗೇರ್ ಆಯಿಲಿಗೆ ಇನ್ನೂ ಕಾಲವಿದೆ ಎಂದರು.

"ಬ್ರೇಕ್ ಆಯಿಲ್ ಹಾಕಿಸಿ ಎಷ್ಟು ದಿನ ಆಯ್ತು?"

ಗಂಡನಿಗೆ ಫೋನು ಮಾಡಿ ಕೇಳಿದೆ. ಮೂರು ವರ್ಷದ ಮೇಲಾಗಿತ್ತು.

"ಹಾಗಾದ್ರೆ ಬದಲಾಯಿಸಲೇಬೇಕು. ಅದನ್ನ ನಾನು ನೋಡೋದೂ ಇಲ್ಲ, ಮುಟ್ಟೋದೂ ಇಲ್ಲ. ಬ್ರೇಕ್ ಆಯಿಲ್ ವಿಚಾರಕ್ಕೆ ನನ್ನ ಬುದ್ಧಿ ಉಪಯೋಗಿಸಲ್ಲ ಮೇಡಂ. ಅದು ಗಾಳೀಲಿರೋ ನೀರನ್ನ ಕುಡೀತಾ ಕೂತಿರುತ್ತೆ, ಕಣ್ಣಿಗೆ ಕಾಣಲ್ಲ. ಎರಡು ವರ್ಷ ಅಂದ್ರೆ ಎರಡು ವರ್ಷ."

ಆಯಿಲ್ ಕಪ್ಪಗಾಗಿದೆಯಲ್ಲ, ಅದಕ್ಕೇ ಕೆಟ್ಟಿದೆಯೇ ಎಂದು ನಾನು ಕೇಳಿದ್ದಕ್ಕೆ ಅವರು ನಕ್ಕರು. "ಕಪ್ಪಗಾಗಿದೆ ಅಂದ್ರೆ ಕೆಲಸ ಮಾಡಿದೆ ಅಂತ. ಕೊಳೆ ತೊಳೆಯೋ ಕೈ ಬೆಳ್ಳಗೆ ಇರುತ್ತಾ? ಬೆರಳಲ್ಲಿ ತಿಕ್ಕಿದಾಗ ಜಾರಬೇಕು. ನೀರು ನೀರಾಗಿದ್ರೆ, ಮರಳು ಮರಳಾಗಿದ್ರೆ, ಆಗ ಅದರ ಕಥೆ ಮುಗೀತು."

ಅವರು ಮೂಡಲಪಾಳ್ಯ ಹಳ್ಳಿಯಾಗಿದ್ದಾಗಿನ ಮನೆತನದವರು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಾಗಿ, ಉಳಿದ ಒಂದು ಪಟ್ಟಿ ಜಾಗದಲ್ಲಿ ಶೆಡ್ಡು, ಅದರ ಪಕ್ಕಕ್ಕೆ ಮೂರು ಮಹಡಿಯ ಮನೆ. ಕೆಳಗಿನ ಎರಡು ಮಹಡಿ ಬಾಡಿಗೆಗೆ ಕೊಟ್ಟು ಮೇಲೆ ತಾವಿದ್ದರು. ಕೂತು ಉಣ್ಣಬಹುದಾಗಿತ್ತು. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿಗೆ ಇಳಿದರೆ ಮಧ್ಯಾಹ್ನ ಮೂರಾದರೂ ಮೇಲೆ ಹತ್ತುತ್ತಿರಲಿಲ್ಲ. ಹೆಂಡತಿ ಮೂರನೇ ಮಹಡಿಯ ಕಂಬಿಗೆ ಒರಗಿ ಕೂಗುತ್ತಿದ್ದರು. "ಏನ್ರೀ, ಮುದ್ದೆ ಕಲ್ಲಾಯ್ತು! ಬರ್ತೀರೋ, ಅಲ್ಲೇ ಎಸೀಲೋ?" ಇವರು ಕಾರಿನ ಕೆಳಗಿನಿಂದಲೇ, "ಬಂದೆ ಕಣೇ, ಎರಡೇ ನಿಮಿಷ" ಎನ್ನುತ್ತಿದ್ದರು. ಆ ಎರಡು ನಿಮಿಷ ಮುಗಿಯುವುದರೊಳಗೆ ನಾನು ಎಷ್ಟೋ ಸಲ ಒಬ್ಬ ಪೇಷೆಂಟಿನ ಮನೆಗೆ ಹೋಗಿ ಬಂದದ್ದೂ ಉಂಟು. ಆಕೆಗೆ ಮಂಡಿ ನೋವಿತ್ತು. ಆ ದಾರಿಯಲ್ಲಿ ಹೋಗುವಾಗ ಮೇಲೆ ಹತ್ತಿ ನಾಲ್ಕು ವ್ಯಾಯಾಮ ಹೇಳಿಕೊಡುತ್ತಿದ್ದೆ. ಹಾಗಾಗಿ ಆಕೆಗೆ ನಾನು ಡಾಕ್ಟ್ರಮ್ಮ.

ಅವರ ಶೆಡ್ಡಿನಲ್ಲಿ ನಾನು ಹೆಚ್ಚು ಕಂಡದ್ದು ನಾಗರಭಾವಿಯ ಒಬ್ಬ ನಿವೃತ್ತ ಅಧಿಕಾರಿಯನ್ನು. ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಬಗಲಲ್ಲಿ ಕಾರಿನ ಜೊತೆ ಬಂದ ಪುಸ್ತಕ. ಅವರದು ತಾನೇ ಗೇರು ಬದಲಿಸಿಕೊಳ್ಳುವ ಹಳೆಯ ಆಟೋಮ್ಯಾಟಿಕ್ ಕಾರು. ಪುಸ್ತಕದಲ್ಲಿ ಕೆಂಪು ಗೆರೆ ಎಳೆದ ದಿನ ಬಂತೆಂದರೆ ಸಾಹೇಬರೂ ಬಂದರೆಂದೇ ಲೆಕ್ಕ.

"ಆರು ತಿಂಗಳಾಯ್ತು. ಇಂಜಿನ್ ಆಯಿಲ್ ಬದಲಾಯಿಸಿ" ಎಂದು ಅವರು.

"ಸಾರ್, ಇದು ಜೇನುತುಪ್ಪದ ಹಾಗಿದೆ. ವಾಪಸ್ ತಗೊಂಡು ಹೋಗಿ" ಎಂದು ಇವರು.

"ಪುಸ್ತಕ ಬರೆದೋರಿಗಿಂತ ನಿಮಗೆ ಜಾಸ್ತಿ ಗೊತ್ತೋ?"

"ಪುಸ್ತಕ ಬರೆದೋರು ಬುದ್ಧಿವಂತರೇ ಸಾರ್. ಆದ್ರೆ ಅವರು ನಿಮ್ಮ ಗಾಡಿ ನೋಡಿಲ್ಲ. ನಾನು ನೋಡ್ತಾ ಇದೀನಿ."

ಪುಸ್ತಕವೆಂದರೆ ಅವರಿಗೆ ಅಸಡ್ಡೆ ಎಂದು ನಾನು ಮೊದಲು ತಿಳಿದಿದ್ದೆ. ಒಮ್ಮೆ ಸಾಹೇಬರು, "ನೀವು ಇದನ್ನ ಓದೇ ಇಲ್ಲ" ಎಂದು ರೇಗಿದಾಗ ಅಣ್ಣ ಒಳಗೆ ಹೋಗಿ ಒಂದು ಕಟ್ಟು ಜೆರಾಕ್ಸ್ ತಂದು ಅವರ ಮುಂದಿಟ್ಟರು. ಶೆಡ್ಡಿಗೆ ಬರುವ ಪ್ರತಿಯೊಂದು ಬಗೆಯ ಗಾಡಿಯ ಪುಸ್ತಕವೂ ಅದರಲ್ಲಿತ್ತು. ಕನ್ನಡಕ ಏರಿಸಿ ಕೊನೆಯ ಪುಟದ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟರು. ಧೂಳಿನ ದಾರಿ, ಚಿಕ್ಕ ಚಿಕ್ಕ ಓಡಾಟ, ನಿಂತು ನಿಂತು ಹೋಗುವ ಟ್ರಾಫಿಕ್ಕು ಇದ್ದರೆ ಅವಧಿ ಅರ್ಧ ಎಂದು ಅಲ್ಲಿ ಬರೆದಿತ್ತು. "ಇದನ್ನ ಯಾರೂ ಓದಲ್ಲ ಸಾರ್. ನೀವೂ ಇದಕ್ಕೆ ಗೆರೆ ಎಳೆದಿಲ್ಲ. ಇದು ಈ ಮೇಡಂ ಗಾಡಿಗೆ. ನಿಮ್ಮದು ಭಾನುವಾರ ಕೆಂಗೇರಿವರೆಗೆ ಆರಾಮಾಗಿ ಹೋಗಿ ಬರೋ ಗಾಡಿ. ವರ್ಷಕ್ಕೊಂದ್ಸಲ ಸಾಕು." ಸಾಹೇಬರು ಸಣ್ಣ ಅಕ್ಷರಗಳನ್ನು ಎರಡು ಸಲ ಓದಿ, ಪೆನ್ನು ತೆಗೆದು ಅದಕ್ಕೂ ಗೆರೆ ಎಳೆದುಕೊಂಡರು. ಜಗಳ ಹೀಗೆ ಮುಗಿಯುವುದನ್ನು ನೋಡಲಿಕ್ಕೇ ನಾನು ಕೆಲವು ಸಲ ಹತ್ತು ನಿಮಿಷ ಹೆಚ್ಚು ನಿಲ್ಲುತ್ತಿದ್ದೆ.

ಕೋವಿಡ್ಡಿನ ಎರಡನೇ ಅಲೆಯಲ್ಲಿ ಅವರಿಗೆ ಜ್ವರ ಬಂತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು, ಇಳಿದು ಹೋಗಿ ವಾಪಸು ಬಂದರು. ಶೆಡ್ಡು ತೆರೆಯಿತು. ಒಂದು ಹೊಸ ಪದ್ಧತಿಯೂ ಶುರುವಾಯಿತು. ನಾನು ಹೋದಾಗಲೆಲ್ಲ ಯಾವುದೋ ಗಾಡಿಯ ಅಳತೆ ಕಡ್ಡಿಯನ್ನು ನನ್ನ ಮುಖದ ಹತ್ತಿರ ಹಿಡಿಯುತ್ತಿದ್ದರು.

"ಮೇಡಂ, ಸ್ವಲ್ಪ ಮೂಸಿ ನೋಡಿ. ಏನನ್ಸುತ್ತೆ?"

"ಆಯಿಲ್ ವಾಸನೆ."

"ಅದು ಗೊತ್ತು. ಎಂಥ ಆಯಿಲು? ಹಸಿಯಾಗಿದ್ಯಾ, ಸೀದಿದ್ಯಾ?"

ನಾನು ಕಣ್ಣು ಮುಚ್ಚಿ, ಮನೆಯ ಅಡಿಗೆಯನ್ನೆಲ್ಲ ನೆನೆದು, "ಒಗ್ಗರಣೆ ಸ್ವಲ್ಪ ಜಾಸ್ತಿ ಆದ ಹಾಗಿದೆ" ಎಂದೋ "ಹೊಸ ಚಪ್ಪಲಿ ಅಂಗಡಿ ಹಾಗಿದೆ" ಎಂದೋ ಹೇಳುತ್ತಿದ್ದೆ. ಅವರು ನಗದೆ ಕೇಳಿಸಿಕೊಳ್ಳುತ್ತಿದ್ದರು. ಆಟೋಮ್ಯಾಟಿಕ್ ಗಾಡಿಯ ಗೇರ್ ಆಯಿಲು ಕೆಂಪಗಿರುತ್ತದೆ, ಹಳತಾದಂತೆ ಕಂದಾಗುತ್ತದೆ, ಕಂದಾದರೂ ಚಿಂತೆಯಿಲ್ಲ, ಸುಟ್ಟ ವಾಸನೆ ಬಂತೆಂದರೆ ಮಾತ್ರ ಒಂದು ದಿನವೂ ತಡಮಾಡಬಾರದು ಎಂದು ವಿವರಿಸುತ್ತಿದ್ದರು. ತಮ್ಮ ವಿದ್ಯೆಯನ್ನು ನನಗೆ ಧಾರೆ ಎರೆಯುತ್ತಿದ್ದಾರೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಗಂಡನಿಗೆ ಫೋನಿನಲ್ಲಿ ಹೇಳಿಕೊಂಡು ಬೀಗಿದ್ದೆ ಕೂಡ.

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಶೆಡ್ಡಿಗೆ ಹೋದೆ. ಅವರು ಸ್ಟೂಲಿನ ಮೇಲೆ ಕೂತು ಬ್ಲಾಟಿಂಗ್ ಪೇಪರುಗಳನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ನನಗೆ ಗೇಟಿನ ಹತ್ತಿರವೇ ಹಾಲು ಸೀದ ವಾಸನೆ ಹೊಡೆಯಿತು. ಒಳಗೆ ಬಂದರೆ ಇನ್ನೂ ಜೋರು. ಶೆಡ್ಡಿನ ಮೂಲೆಯಲ್ಲಿ ಅವರು ಕಾಫಿಗೆಂದು ಇಟ್ಟುಕೊಂಡಿದ್ದ ಸಣ್ಣ ಸ್ಟೌವಿನ ಮೇಲೆ ಪಾತ್ರೆ ಕರಿದಾಗಿ ಹೊಗೆಯಾಡುತ್ತಿತ್ತು. ಅವರು ಅದರಿಂದ ಆರು ಅಡಿ ದೂರದಲ್ಲಿ ಬೆನ್ನು ಹಾಕಿ ಕೂತಿದ್ದರು.

ಓಡಿಹೋಗಿ ಸ್ಟೌ ಆರಿಸಿದೆ. "ಅಣ್ಣ, ಹಾಲು ಪೂರ್ತಿ ಸೀದುಹೋಗಿದೆಯಲ್ಲ!"

ಅವರು ತಿರುಗಿ ಪಾತ್ರೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ವಾಸನೆ ಬರ್ತಾ ಇತ್ತಾ?" ಎಂದು ಕೇಳಿದರು.

ಆ ಪ್ರಶ್ನೆಯಲ್ಲಿ ನನಗೆ ಎಲ್ಲ ಅರ್ಥವಾಯಿತು. ತಿಂಗಳುಗಟ್ಟಲೆ ಅವರು ನನಗೆ ಕಲಿಸುತ್ತಿರಲಿಲ್ಲ, ನನ್ನ ಮೂಗನ್ನು ಸಾಲ ತೆಗೆದುಕೊಳ್ಳುತ್ತಿದ್ದರು.

"ಜ್ವರ ಬಂದಾಗಿಂದ್ಲೂನಾ?"

"ಹೂಂ. ಒಂದೂ ಇಲ್ಲ ಮೇಡಂ. ಮಲ್ಲಿಗೆ ಇಲ್ಲ, ಪೆಟ್ರೋಲ್ ಇಲ್ಲ. ಊಟ ಮಾಡೋದು ಹತ್ತಿ ಅಗಿದ ಹಾಗಿರುತ್ತೆ." ಮೇಲಿನ ಮಹಡಿಯ ಕಡೆ ನೋಡಿ, "ಮನೇಲಿ ಹೇಳಿಲ್ಲ. ನೀವೂ ಹೇಳ್ಬೇಡಿ" ಎಂದರು.

ಯಾಕೆ ಹೇಳಬಾರದು ಎಂದು ಕೇಳಿದ್ದಕ್ಕೆ, "ಅವಳು ಶೆಡ್ ಮುಚ್ಚಿ ಅಂತಾಳೆ. ಅವಳು ಅನ್ನೋದು ಸರಿಯಾಗೇ ಇರುತ್ತೆ. ಅದಕ್ಕೇ ಹೇಳಿಲ್ಲ" ಎಂದರು.

ಮೂಗಿಗೂ ವ್ಯಾಯಾಮವಿದೆ ಎಂದು ನನಗೆ ಗೊತ್ತಿತ್ತು. ಮಾರನೆಯ ದಿನ ನಾಲ್ಕು ಪುಟ್ಟ ಸೀಸೆಗಳಲ್ಲಿ ಲವಂಗ, ನಿಂಬೆ ಸಿಪ್ಪೆ, ನೀಲಗಿರಿ ಎಣ್ಣೆ, ಗುಲಾಬಿ ಅತ್ತರು ತುಂಬಿಸಿ ಕೊಟ್ಟೆ. ಬೆಳಿಗ್ಗೆ ಸಂಜೆ ಒಂದೊಂದನ್ನೂ ಮೂಸುತ್ತಾ, ಅದರ ವಾಸನೆ ಹೇಗಿತ್ತು ಎಂದು ಮನಸ್ಸಿನಲ್ಲಿ ನೆನೆಸಿಕೊಳ್ಳಬೇಕು, ತಿಂಗಳುಗಳು ಹಿಡಿಯಬಹುದು, ಬರದೆಯೂ ಇರಬಹುದು ಎಂದೆ. ಮುಂದಿನ ವಾರ ಹೋದರೆ ಸಾಲಿನಲ್ಲಿ ಐದು ಸೀಸೆಗಳಿದ್ದವು. ಐದನೆಯದರಲ್ಲಿ ಸುಟ್ಟ ಗೇರ್ ಆಯಿಲ್. "ಗುಲಾಬಿ ವಾಪಸ್ ಬಂದು ಇದು ಬರದೇ ಇದ್ರೆ ನನಗೇನು ಪ್ರಯೋಜನ?" ಎಂದರು.

ಗುಟ್ಟು ನಮ್ಮಿಬ್ಬರಲ್ಲೇ ಉಳಿಯಿತು. ಅದು ತಪ್ಪು ಎಂದು ಆಗ ನನಗೆ ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನಿಸಿತ್ತು. ಆದರೆ ನನ್ನ ಪೇಷೆಂಟುಗಳ ಎಷ್ಟೋ ಗುಟ್ಟುಗಳ ಜೊತೆ ಇದೂ ಒಂದು ಎಂದುಕೊಂಡು ಸುಮ್ಮನಿದ್ದೆ.

ಕೆಲವು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಅವರ ಫೋನು ಬಂತು. "ಮೇಡಂ, ಈ ಕಡೆ ಬಂದ್ರೆ ಒಂದೈದು ನಿಮಿಷ ಬನ್ನಿ." ಅವರಾಗಿ ಎಂದೂ ಫೋನು ಮಾಡಿದವರಲ್ಲ. ಹೋದೆ. ಸಾಹೇಬರ ಕಾರು ಶೆಡ್ಡಿನಲ್ಲಿತ್ತು. ಅದನ್ನು ಎಳೆದುಕೊಂಡು ಬಂದಿದ್ದ ಲಾರಿ ಆಗಷ್ಟೇ ಹೊರಟುಹೋಗಿತ್ತು. ಅಣ್ಣ ಒಂದು ಬಾಣಲೆಯಲ್ಲಿ ಗೇರ್ ಆಯಿಲನ್ನು ಇಳಿಸಿಕೊಂಡು ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು.

"ಮೂಸಿ."

ಮೂಸಬೇಕಾಗಿರಲಿಲ್ಲ. ಟೈರು ಸುಟ್ಟಂಥ ವಾಸನೆ ಶೆಡ್ಡಿನ ಹೊರಗೇ ಇತ್ತು. ಹಾಗೆಂದೆ.

"ಹಾಗಾದ್ರೆ ನಾಲ್ಕು ವಾರದ ಹಿಂದೇನೂ ಇದ್ದಿರುತ್ತೆ" ಎಂದರು. "ಸಾಹೇಬ್ರು ತೋರಿಸೋಕೆ ಬಂದಿದ್ರು. ದಿನ ದಾಟಿದೆ, ಬದಲಾಯಿಸೋಣ ಅಂದ್ರು. ನಾನು ನೋಡಿದೆ. ಕಂದಾಗಿತ್ತು. ಕಂದಾದ್ರೂ ಸೀದಿರಲ್ಲ ಎಷ್ಟೋ ಸಲ. ಮೂಗು ಹೇಳಬೇಕು. ಅವತ್ತು ನೀವೂ ಇರಲಿಲ್ಲ, ಯಾರೂ ಇರಲಿಲ್ಲ. ಸಾಹೇಬ್ರನ್ನೇ ಮೂಸಿ ಅನ್ನಬೋದಿತ್ತು. ಇಷ್ಟು ವರ್ಷ ಅವರ ಹತ್ರ ಜಗಳ ಆಡಿ, ಈಗ ನೀವೇ ಮೂಸಿ ಸಾರ್ ಅನ್ನೋಕೆ ನಾಚಿಕೆ ಆಯ್ತು. ಇನ್ನೊಂದು ವರ್ಷ ಓಡುತ್ತೆ ಹೋಗಿ ಸಾರ್ ಅಂದುಬಿಟ್ಟೆ."

ಆ ದಿನ ಬೆಳಿಗ್ಗೆ ಸಾಹೇಬರು ತುಮಕೂರಿಗೆ ಹೊರಟಿದ್ದರು. ಅಲ್ಲಿನ ಆಸ್ಪತ್ರೆಯಲ್ಲಿ ಅವರ ದೊಡ್ಡಕ್ಕ ಇದ್ದರು. ತಾಯಿ ಹೋದ ಮೇಲೆ ಸಾಹೇಬರನ್ನು ಸಾಕಿ ಓದಿಸಿದವರು. ನೆಲಮಂಗಲ ದಾಟಿದ ಮೇಲೆ ಗೇರ್‌ಬಾಕ್ಸ್ ಕೈಕೊಟ್ಟು ಗಾಡಿ ರಸ್ತೆ ಬದಿಗೆ ನಿಂತಿತು. ಬೇರೆ ಗಾಡಿ ಸಿಕ್ಕಿ ಅವರು ತಲುಪುವ ಹೊತ್ತಿಗೆ ಎರಡು ಗಂಟೆ ತಡವಾಗಿತ್ತು. ದೊಡ್ಡಕ್ಕ ಅರ್ಧ ಗಂಟೆಯ ಹಿಂದೆ ಹೋಗಿದ್ದರು.

ಹಳೆಯ ಗಾಡಿ, ದಾರಿಯಲ್ಲಿ ಕೆಟ್ಟಿತು ಎಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಸಾಹೇಬರೇ ಫೋನಿನಲ್ಲಿ, "ನನ್ನ ದುರದೃಷ್ಟ, ನೀವೇನು ಮಾಡ್ತೀರಿ" ಎಂದಿದ್ದರಂತೆ. ಆ ಮಾತನ್ನು ಅಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ.

ದೊಡ್ಡಕ್ಕನ ಕಾರ್ಯಗಳೆಲ್ಲ ಮುಗಿದ ಮೇಲಿನ ಭಾನುವಾರ ಅವರು ನನ್ನನ್ನೂ ಕರೆದುಕೊಂಡು ಸಾಹೇಬರ ಮನೆಗೆ ಹೋದರು. "ನಾನು ಹೇಳೋದು ಸುಳ್ಳಲ್ಲ ಅನ್ನೋಕೆ ಒಬ್ರು ಬೇಕು" ಎಂದಿದ್ದರು. ಒಗೆದ ಬಿಳಿ ಅಂಗಿ ಹಾಕಿಕೊಂಡಿದ್ದರು. ಸೋಫಾದ ತುದಿಯಲ್ಲಿ ಕೂತು, ತಂದ ಕಾಫಿ ಮುಟ್ಟದೆ, ಎಲ್ಲವನ್ನೂ ಹೇಳಿದರು. ಜ್ವರ, ಮೂಗು, ನಾಚಿಕೆ, ಒಂದನ್ನೂ ಬಿಡಲಿಲ್ಲ. "ಅವತ್ತು ಬದಲಾಯಿಸಿದ್ರೆ ಗಾಡಿ ನಿಲ್ತಾ ಇರಲಿಲ್ಲ ಸಾರ್. ತಪ್ಪು ಗಾಡೀದಲ್ಲ, ನಿಮ್ಮ ಅದೃಷ್ಟದ್ದೂ ಅಲ್ಲ. ನಂದು."

ನಾನೂ ಬಾಯಿ ಬಿಟ್ಟೆ. "ಅವರಿಗೆ ವಾಸನೆ ಬರಲ್ಲ ಅಂತ ನನಗೂ ಗೊತ್ತಿತ್ತು ಸಾರ್. ನಾನು ಯಾರಿಗಾದ್ರೂ ಹೇಳಬೇಕಾಗಿತ್ತು."

ಸಾಹೇಬರು ಮೇಜಿನ ಮೇಲಿದ್ದ ಕಾರಿನ ಪುಸ್ತಕವನ್ನು ಎಳೆದುಕೊಂಡು ಕೆಂಪು ಗೆರೆಯ ಪುಟ ತೆರೆದರು. ಅವರು ಕೂಗಾಡಿದ್ದರೆ ವಾಸಿಯಾಗಿತ್ತು. "ಪುಸ್ತಕದಲ್ಲಿ ದಿನ ದಾಟಿತ್ತು" ಎಂದರು ಕೊನೆಗೆ, ಮೆಲ್ಲಗೆ. "ನಾನು ಅದನ್ನ ನಂಬಲಿಲ್ಲ. ನಿಮ್ಮನ್ನ ನಂಬಿದೆ." ಇನ್ನು ಗಾಡಿಯನ್ನು ಮುಟ್ಟಬೇಡಿ, ನಾಳೆ ಬೇರೆ ಕಡೆಗೆ ಎಳೆಸಿಕೊಂಡು ಹೋಗುತ್ತೇನೆ ಎಂದು ಹೇಳಿ ಎದ್ದು ಒಳಗೆ ಹೋದರು. ನಾವು ಬಾಗಿಲು ಎಳೆದುಕೊಂಡು ಬಂದೆವು. ಶೆಡ್ಡಿನ ಮುಂದೆ ಇಳಿಯುವಾಗ ಅಣ್ಣ, "ನೀವು ಹೇಳ್ಕೋಬೇಕಾಗಿರಲಿಲ್ಲ ಮೇಡಂ" ಎಂದರು. "ಆದ್ರೂ ಹೇಳಿದ್ದು ಒಳ್ಳೇದಾಯ್ತು. ಒಬ್ನೇ ಕೂತಿರೋದು ಕಷ್ಟ ಆಗ್ತಾ ಇತ್ತು."

ಎರಡು ದಿನ ಬಿಟ್ಟು ಹೋದಾಗ, ಅಷ್ಟು ವರ್ಷ ಬೋರ್ಡೇ ಇಲ್ಲದ ಶೆಡ್ಡಿಗೆ ಬೋರ್ಡು ಬಂದಿತ್ತು. ತಗಡಿನ ತುಂಡಿನ ಮೇಲೆ ಅವರೇ ಕೆಂಪು ಬಣ್ಣದಲ್ಲಿ ಬರೆದಿದ್ದರು. "ನನಗೆ ವಾಸನೆ ಗೊತ್ತಾಗುವುದಿಲ್ಲ. ಗೇರ್ ಆಯಿಲ್ ನೀವೇ ಮೂಸಿ ನೋಡಿ ಹೇಳಿ. ನಿಮಗೂ ಗೊತ್ತಾಗದಿದ್ದರೆ ಬದಲಾಯಿಸಿಬಿಡೋಣ." ಹೆಸರಿಲ್ಲ, ಫೋನ್ ನಂಬರಿಲ್ಲ, ಅಷ್ಟೇ.

ಹೆಂಡತಿಗೆ ವಿಷಯ ತಿಳಿದದ್ದು ಆ ಬೋರ್ಡಿನಿಂದ. ತರಕಾರಿ ಚೀಲ ಹಿಡಿದು ಬಂದವರು ಗೇಟಿನಲ್ಲೇ ನಿಂತು ಓದಿದರು. ಮತ್ತೊಮ್ಮೆ ಓದಿದರು. ಚೀಲ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡರು.

"ಯಾವಾಗಿಂದ?"

ಅಣ್ಣ ಸ್ಪ್ಯಾನರ್ ಹಿಡಿದುಕೊಂಡು ನೆಲ ನೋಡಿದರು. "ಜ್ವರ ಬಂದಾಗಿಂದ."

"ಮತ್ತೆ ದಿನಾ ಬೆಳಿಗ್ಗೆ, ಆಹಾ ಏನು ಘಮ ಘಮ ಅಂತಿದೆ ಕಣೇ ಸಾರು ಅಂತಿದ್ರಲ್ಲ?"

ಅವರು ಸ್ಪ್ಯಾನರನ್ನು ನೆಲಕ್ಕಿಟ್ಟರು.

"ಸಂಕ್ರಾಂತಿ ದಿನ ಅವರೆಕಾಳು ತಳ ಹಿಡಿದಿತ್ತು. ನಾನೇ ಬಾಯಿಗಿಡೋಕೆ ಆಗಲಿಲ್ಲ. ಎರಡು ಸಲ ಹಾಕಿಸಿಕೊಂಡು ತಿಂದ್ರಲ್ರೀ!"

ಆಕೆ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತರು. ಅಳುತ್ತಲೇ ಬೈದರು. ಶೆಡ್ಡು ಮುಚ್ಚಿ ಎಂದು ಮಾತ್ರ ಅನ್ನಲಿಲ್ಲ. ಅದನ್ನು ಅಣ್ಣ ಆಮೇಲೆ ಬಹಳ ದಿನ ಆಶ್ಚರ್ಯದಿಂದ ಹೇಳಿಕೊಳ್ಳುತ್ತಿದ್ದರು.

ಬೋರ್ಡು ನೋಡಿ ಕೆಲವರು ಬೇರೆ ಕಡೆ ಹೋದರು. ಮೂಗಿಲ್ಲದ ಮೆಕ್ಯಾನಿಕ್ ಎಂದು ನಕ್ಕವರೂ ಇದ್ದರು. ಉಳಿದವರು ಕಡ್ಡಿ ಹಿಡಿದು ಮೂಸಲು ಕಲಿತರು. ಬ್ಯಾಡರಹಳ್ಳಿ ಕಡೆಯ ಒಬ್ಬ ಟ್ಯಾಕ್ಸಿಯವನು ತನ್ನದರ ಜೊತೆಗೆ ಪಕ್ಕದ ಗಾಡಿಯದನ್ನೂ ಮೂಸಿ, "ಅಣ್ಣ, ಇದು ಹೋಗಿದೆ, ಇದು ಓಕೆ ಗುರು" ಎಂದು ತೀರ್ಪು ಕೊಡುವಷ್ಟು ಪಳಗಿದ್ದ. ಅಣ್ಣ ಅವನ ಮಾತನ್ನು ಪರೀಕ್ಷೆಯ ಅಂಕದಂತೆ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ಎಲ್ಲಿ ಸ್ವಲ್ಪ ಅನುಮಾನವಿದ್ದರೂ ಬದಲಾಯಿಸಿಬಿಡುತ್ತಿದ್ದರು. ಮೊದಲಿನ ಹಟ ಇರಲಿಲ್ಲ. ಅದು ಹೋದದ್ದಕ್ಕೆ ನನಗೆ ಬೇಸರವಾಯಿತು ಎಂದರೆ ವಿಚಿತ್ರ ಅನ್ನಿಸಬಹುದು.

ಸಾಹೇಬರು ಬಂದದ್ದು ಒಂದು ವರ್ಷದ ಮೇಲೆ. ನಾನು ಅವತ್ತು ಅಲ್ಲಿದ್ದೆ. ಬೇರೆ ಕಡೆ ರಿಪೇರಿಯಾಗಿದ್ದ ಗಾಡಿಯನ್ನು ಗೇಟಿನ ಹೊರಗೆ ನಿಲ್ಲಿಸಿ, ಇಳಿದು, ಬೋರ್ಡನ್ನು ಓದಿದರು. ಗಾಡಿ ಒಳಗೆ ತಂದು ಯಾರಿಗೂ ನಮಸ್ಕಾರವನ್ನೂ ಹೇಳದೆ ತಾವೇ ಬಾನೆಟ್ ಎತ್ತಿ, ಗೇರ್ ಆಯಿಲಿನ ಕಡ್ಡಿ ಎಳೆದು, ಕನ್ನಡಕ ತೆಗೆದು ಮೂಸಿದರು.

"ಸೀದಿಲ್ಲ" ಎಂದರು.

"ಸರಿ ಸಾರ್" ಎಂದರು ಅಣ್ಣ.

"ಆದ್ರೆ ಪುಸ್ತಕದಲ್ಲಿ ಮುಂದಿನ ತಿಂಗಳು ಅಂತಿದೆ."

ಅಣ್ಣ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಸಾಹೇಬರು ಕಾದರು. "ಏನ್ರೀ, ಏನೂ ಅನ್ನಲ್ವಾ?" ಎಂದು ಕೇಳಿದರು.

ಆಗ ಅಣ್ಣ ಕಡ್ಡಿ ತೆಗೆದುಕೊಂಡು ಬೆಳಕಿಗೆ ಹಿಡಿದು, ಬೆರಳಲ್ಲಿ ತಿಕ್ಕಿ, "ಆರು ತಿಂಗಳು ಆರಾಮಾಗಿ ಓಡುತ್ತೆ ಸಾರ್. ಆದ್ರೆ ಬದಲಾಯಿಸೋಣ" ಎಂದರು. "ಆರು ತಿಂಗಳು ಓಡೋದಾದ್ರೆ ಯಾಕ್ರೀ ಬದಲಾಯಿಸ್ಬೇಕು?" ಎಂದು ಸಾಹೇಬರು ಧ್ವನಿ ಏರಿಸಿದರು. ಇಬ್ಬರೂ ಪಕ್ಷ ಬದಲಾಯಿಸಿಕೊಂಡು ಅರ್ಧ ಗಂಟೆ ವಾದ ಮಾಡಿದರು. ದೊಡ್ಡಕ್ಕನ ಹೆಸರು ಇಬ್ಬರೂ ಎತ್ತಲಿಲ್ಲ. ಹೊರಡುವಾಗ ಸಾಹೇಬರು, "ಮುಂದಿನ ತಿಂಗಳು ಬರ್ತೀನಿ" ಎಂದರು, ಬಂದರು ಕೂಡ.

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಅಣ್ಣ ಏಳಲಿಲ್ಲ. ಹೃದಯ ನಿಂತಿತ್ತು. ಮೊನ್ನೆ ಅವರ ಹೆಂಡತಿ ಮಂಡಿ ನೋವು ಮತ್ತೆ ಬಂದಿದೆ ಎಂದು ಕರೆಸಿದ್ದರು. ಮೂರನೇ ಮಹಡಿಯಲ್ಲಿ, ಕಾಲು ನೀಡಿ ಕೂತು, ವ್ಯಾಯಾಮ ಮಾಡುತ್ತಲೇ ಮಾತಿಗೆ ಶುರು ಮಾಡಿದರು.

"ಡಾಕ್ಟ್ರಮ್ಮ, ನಿಮಗೊಂದು ವಿಷಯ ಹೇಳಿದ್ರೋ ಇಲ್ವೋ. ಹೋಗೋಕೆ ಸ್ವಲ್ಪ ದಿನ ಮುಂಚೆ ಅವರಿಗೆ ವಾಸನೆ ವಾಪಸ್ ಬಂದಿತ್ತು."

ನನಗೆ ಗೊತ್ತಿರಲಿಲ್ಲ. "ಪೂರ್ತಿನಾ ಅಕ್ಕ?"

"ಪೂರ್ತಿ ಅಲ್ಲ. ಒಂದೇ ಒಂದು. ಒಂದಿನ ಸಂಜೆ ಮೇಲೆ ಬಂದ್ರು, ಅಂಗಿ ಬಿಚ್ಚೋಕೆ ಹೋದೋರು ಹಾಗೇ ನಿಂತ್ಕೊಂಡ್ರು. ಮೂಗಿನ ಹತ್ರ ಹಿಡ್ಕೊಂಡು ನೋಡಿದ್ರು. 'ಏನೇ ಇದು, ನನ್ನ ಮೈಯೆಲ್ಲ ಆಯಿಲ್ ನಾತ! ಯಾವಾಗ್ಲೂ ಹೀಗೇ ಇರುತ್ತಾ?' ಅಂದ್ರು. ಇರುತ್ತೆ ಅಂದೆ. 'ಮದುವೆ ಆದಾಗಿಂದ್ಲೂನಾ?' ಅಂದ್ರು. ಹೂಂ ಅಂದೆ. 'ಅಯ್ಯೋ, ಹೆಂಗೆ ತಡ್ಕೊಂಡೆ ನೀನು?' ಅಂತ ಮಗು ಥರ ಮುಖ ಮಾಡ್ಕೊಂಡ್ರು. ಅಷ್ಟು ವರ್ಷ ಅದರಲ್ಲೇ ಇದ್ದೋರಿಗೆ ಅದು ಗೊತ್ತೇ ಆಗಿರಲಿಲ್ಲ ನೋಡಿ. ಹೋಗಿ ವಾಪಸ್ ಬಂದ ಮೇಲೆ ಗೊತ್ತಾಯ್ತು."

ಆಕೆ ನಗುತ್ತಿದ್ದರು. ಕಾಲು ಮಡಚುವುದನ್ನು ಮರೆತಿದ್ದರು. ನಾನೂ ನೆನಪಿಸಲಿಲ್ಲ.

"ಮಾರನೇ ದಿನದಿಂದ ಶುರು ಮಾಡಿದ್ರು, ಕೆಳಗೇ ನಲ್ಲೀಲಿ ಸೋಪ್ ಹಾಕಿ ತೊಳ್ಕೊಂಡು, ಬೇರೆ ಬಟ್ಟೆ ಹಾಕ್ಕೊಂಡು, ತಲೆ ಬಾಚ್ಕೊಂಡು ಮೇಲೆ ಬರೋದು. ಒಂದು ವಾರ ನೋಡಿದೆ. ಆಮೇಲೆ ನಾನೇ ಬೈದೆ. ಯಾರೋ ನೆಂಟರ ಥರ ಬರ್ತೀರಲ್ಲ, ಬಾಗಿಲು ತೆಗೆದ್ರೆ ಯಾರು ಬಂದ್ರು ಅಂತಾನೇ ಗೊತ್ತಾಗಲ್ಲ, ಮೊದಲು ಹೆಂಗೆ ಬರ್ತಿದ್ರೋ ಹಂಗೇ ಬನ್ನಿ ಅಂದೆ."